ಹದಿನೇಳನೇ ಸಾಲು

“ನಾಳೆ ಗರಗಸ ತರ್ತಾರಂತೆ ಕಣೋ, ಹದಿನೇಳನೇ ಸಾಲಿಗೆ. ಇನ್ನಾದ್ರೂ ಅದರ ಮುಖ ನೋಡೋದು ತಪ್ಪುತ್ತೆ ನಂಗೆ” ಎಂದಳು ಅಕ್ಕ ತಮ್ಮನಿಗೆ, ಕೈಯಲ್ಲಿದ್ದ ಸಸಿಯಿಂದ ಕಣ್ಣೆತ್ತದೆ.

ನರ್ಸರಿಯ ನೆರಳಿನಲ್ಲಿ ಕೂತು ಅವಳು ಎಳೆ ಸಸಿಗಳನ್ನು ಮಣ್ಣು ತುಂಬಿದ ಚೀಲಗಳಿಗೆ ನೆಡುತ್ತಿದ್ದಳು. ಬೇಲಿಯಾಚೆ ಕಾಡಿನ ಒಂದೊಂದು ನಂಬರಿನ ತಾಯಿಮರದ ಮಕ್ಕಳು ಒಂದೊಂದು ಸಾಲಾಗಿ ನಿಂತಿದ್ದವು. ಯಾವ ತಾಯಿಯ ಮಕ್ಕಳು ನೆಟ್ಟಗೆ ಬೆಳೆಯುತ್ತವೋ ಅವಳ ಬೀಜವೇ ಮುಂದಿನ ಕಾಡಿಗೆ. ಹದಿನೇಳನೆಯದು ಮಾತ್ರ ಹನ್ನೆರಡು ವರ್ಷದಿಂದ ಸೊಟ್ಟಂಬಟ್ಟ.

ಬೀಜ ತರುವವನು ತಮ್ಮ. ಕೊರಕಲಿರಲಿ, ಕಡಿದಾದ ಬಂಡೆಯಿರಲಿ, ಹಗ್ಗ ಬಿಗಿದು ಹತ್ತಿ, ಚೀಲದೊಳಗೆ ಮರದ ನಂಬರಿನ ಚೀಟಿ ಇಟ್ಟು ತರುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಉಡ.

“ಈ ಕೈಗೆ ಆವತ್ತು ಏನು ಬಂದಿತ್ತೋ. ಹದಿನೇಳರ ಅಷ್ಟೂ ಸಸಿಗೆ ಬೇರು ಮಡಚಿ ನೆಟ್ಟಿದ್ದೀಯಾ ಅಂದ್ರು ಫಾರೆಸ್ಟ್ ಸಾಹೇಬ್ರು. ಇದ್ರೂ ಇರಬಹುದು ಅಂದ್ಕೊಂಡೆ” ಎಂದಳು ಅಕ್ಕ.

ಆ ಒಂದು ಮಾತಿಗೇ ಅವಳಿಗೆ ಬರಬೇಕಿದ್ದ ಮೇಸ್ತ್ರಿ ಕೆಲಸ ಬೇರೆಯವಳ ಪಾಲಾಗಿತ್ತು. ಅಂದಿನಿಂದ ಅವಳಿಗೊಂದು ಚಾಳಿ: ನೆಟ್ಟ ಸಸಿಯನ್ನು ಮತ್ತೆ ಮೆಲ್ಲಗೆ ಕಿತ್ತು, ಬೇರು ನೋಡಿ, ಮತ್ತೆ ನೆಡುವುದು. “ಅಕ್ಕ ಒಂದೊಂದು ಸಸಿಗೂ ಎರಡೆರಡು ಬಾಣಂತನ ಮಾಡ್ತಾಳೆ” ಎಂದು ಜೊತೆಯವರು ನಗುತ್ತಿದ್ದರು. ಉಡನೂ ನಗುತ್ತಿದ್ದ. ನಕ್ಕು ಮನೆಗೆ ಹೋದರೆ ತಟ್ಟೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

“ಅಕ್ಕಾ, ನೀನು ನೆಟ್ಟ ಬೇರು ಸರಿಯಾಗೇ ಇತ್ತು” ಎಂದ ಉಡ.

“ಮರದ ತುದೀಲಿ ಇರೋನಿಗೆ ಬೇರಿನ ಸುದ್ದಿ ಯಾಕಪ್ಪ?”

“ಬೀಜಾನೇ ಹದಿನೇಳರದ್ದಲ್ಲ.”

ಅವಳ ಕೈ ನಿಂತಿತು. ಉಡ ನೆಲ ನೋಡುತ್ತಲೇ ಹೇಳಿದ. ಹದಿನೇಳನೇ ಮರ ಪ್ರಪಾತದ ಅಂಚಿನಲ್ಲಿ ಬಾಣದ ಹಾಗೆ ನಿಂತಿತ್ತು. ಆವತ್ತು ಬೀಜಕ್ಕೆಂದು ಬಂಡೆಯ ಅರ್ಧಕ್ಕೆ ಹೋದಾಗ ಹಗ್ಗ ಗೇಣುದ್ದ ಜಾರಿತು. ಹಾಗೇ ಕೆಳಗಿಳಿದವನಿಗೆ ಮತ್ತೆ ಹತ್ತುವ ಧೈರ್ಯ ಬರಲಿಲ್ಲ. ದಾರಿಯ ಪಕ್ಕದಲ್ಲೇ ಅದೇ ಜಾತಿಯ ಗೂನು ಮರವೊಂದಿತ್ತು, ಕೈಗೆಟಕುವಷ್ಟು ಕಾಯಿ ಬಿಟ್ಟುಕೊಂಡು. ಚೀಲ ತುಂಬಿಸಿಕೊಂಡ. ಚೀಟಿಯಲ್ಲಿ ಹದಿನೇಳು ಎಂದೇ ಬರೆದ.

“ಹೆದರಿಕೆ ಆಯ್ತು ಅಂದಿದ್ರೆ ಯಾರಾದ್ರೂ ನುಂಗ್ಬಿಡ್ತಿದ್ರಾ ನಿನ್ನ?”

“ಉಡ ಅಂತ ಹೆಸರಿಟ್ಟೋಳು ನೀನೇ ಅಲ್ವಾ ಅಕ್ಕ.”

ಅವಳು ಕೈಯ ಮಣ್ಣು ಕೊಡವಿ, “ಹೋಗಿ ಈಗಾದ್ರೂ ತರಬಾರದಾ?” ಎಂದಳು.

“ಹೋಗಿದ್ದೆ. ಹೋದ ಮಳೆಗಾಲದಲ್ಲಿ ಆ ಮರ ಬಂಡೆ ಸಮೇತ ಕುಸಿದು ಹೋಗಿದೆ. ಅದರದ್ದು ಅಂತ ಎಲ್ಲೂ ಒಂದು ಗಿಡ ಇಲ್ಲ.” ಉಡ ಕಣ್ಣೊರೆಸಿಕೊಂಡ. “ಈಗಲೇ ಹೋಗಿ ಸಾಹೇಬ್ರಿಗೆ ಹೇಳಿಬಿಡ್ತೀನಿ.”

“ಯಾವ ಸಾಹೇಬ್ರಿಗೆ? ಅವರು ರಿಟೈರಾಗಿ ಮೊಮ್ಮಕ್ಕಳನ್ನ ಆಡಿಸ್ತಿದಾರೆ. ನಂಗೆ ಹೇಳ್ಬೇಕಿತ್ತು ನೀನು. ನಂಗೆ.”

ಅಕ್ಕ ಮುಂದಿನ ಚೀಲವನ್ನು ಹತ್ತಿರಕ್ಕೆಳೆದುಕೊಂಡಳು. ಬೆರಳಿನಿಂದ ಕುಳಿ ಮಾಡಿ, ಸಸಿ ಇಳಿಸಿ, ಸುತ್ತ ಮಣ್ಣು ಒತ್ತಿದಳು. ಕ್ಷಣ ಬಿಟ್ಟು, ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು, ಅದನ್ನು ಕಿತ್ತು ಬೇರು ನೋಡಿದಳು.