ಹೊಸ ಕೇಬಲ್ಲು, ಹಳೆಯ ಕಿವಿ

ಚಿಕ್ಕಪ್ಪ ತಂದ ಕೇಬಲ್ಲು ಹಾವಿನಂತಿತ್ತು. ಹೆಬ್ಬೆರಳಿಗಿಂತ ದಪ್ಪ, ಮೈತುಂಬ ಕಪ್ಪು ಜಾಲರಿ, ತುದಿಯಲ್ಲಿ ಹೊಳೆಯುವ ಪ್ಲಗ್ಗು. ಆಂಪ್ಲಿಫೈಯರಿಗೆ ಕರೆಂಟು ಕೊಡುವ ಮಾಮೂಲಿ ವೈರು ಕಿತ್ತು ಇದನ್ನು ಹಾಕಿದರೆ ಸಂಗೀತ ಸ್ವಚ್ಛವಾಗಿ ಕೇಳುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ರಜೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಅದನ್ನು ಸಿಕ್ಕಿಸಿ, ತಮ್ಮ ಓಬೀರಾಯನ ಕಾಲದ ರೆಕಾರ್ಡ್ ಪ್ಲೇಯರಿನಲ್ಲಿ ಒಂದು ಪಿಯಾನೊ ರೆಕಾರ್ಡು ಹಾಕಿದರು. ಅಡುಗೆಮನೆಯಲ್ಲಿದ್ದ ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ನಿನ್ನೆ ಸಂಜೆ ಕೇಳಿದ ಹಾಗಿಲ್ಲ," ಅಂದಳು. "ಪರದೆ ಸರಿಸಿದ ಹಾಗಿದೆ."

ಚಿಕ್ಕಪ್ಪನಿಗೆ ಇನ್ನೇನು ಬೇಕು? ಚಿಕ್ಕಮ್ಮ ಪಿಯಾನೊಗಳ ಶ್ರುತಿ ಸರಿಮಾಡುವವಳು. ಶಾಲೆಗಳು, ಮನೆಗಳು, ಊರಿನ ದೊಡ್ಡ ಸಭಾಂಗಣ, ಎಲ್ಲ ಕಡೆಯ ಪಿಯಾನೊಗಳೂ ಅವಳ ಕೈಯಿಂದಲೇ ಸರಿಹೋಗಬೇಕು. ಅವಳು ಬೇರೆ ಅಂದರೆ ಬೇರೆಯೇ.

ನಾನು ನಕ್ಕುಬಿಟ್ಟೆ. ಅವರ ಮನೆಯಲ್ಲಿದ್ದುಕೊಂಡು ವಿದ್ಯುತ್ ಜಾಲದ ಕಂಟ್ರೋಲ್ ರೂಮಿನಲ್ಲಿ ಪಾಳಿ ಮಾಡುವವಳು ನಾನು.

"ಚಿಕ್ಕಪ್ಪ, ಕರೆಂಟು ನೂರಾರು ಮೈಲಿ ತಂತಿ ಮೇಲೆ ಬಂದು, ಬೀದಿ ಕಂಬ ಇಳಿದು, ನಿಮ್ಮ ಗೋಡೆಯೊಳಗಿನ ಬಡಪಾಯಿ ವೈರಲ್ಲಿ ತೂರಿ ಬರತ್ತೆ. ಕೊನೇ ಒಂದು ಮಾರು ದೂರಕ್ಕೆ ನೀವು ರೇಷ್ಮೆ ಹಾಸಿದ್ರೆ ಅದಕ್ಕೇನು ಗೊತ್ತಾಗತ್ತೆ?"

"ನಿನಗೆ ದೇವರು ಬಾಯಿ ಕೊಟ್ಟ, ಕಿವಿ ಕೊಡೋದು ಮರೆತ," ಅಂದರು ಚಿಕ್ಕಪ್ಪ.

ಚಿಕ್ಕಮ್ಮ ಮಾತ್ರ ನಗಲಿಲ್ಲ. "ಕೇಬಲ್ಲಿಂದ ಏನೂ ಆಗಲ್ಲ ಅಂದ್ರೆ ಮತ್ತೆ ನಾನು ಕೇಳಿದ್ದು ಏನೇ?"

ನನಗೆ ಆಗ ನೆನಪಾಯಿತು. ಅವಳ ಬಲಗಿವಿಗೆ ಮೇಲಿನ ಸ್ವರಗಳು ಮಂಕಾಗುತ್ತಿವೆ ಎಂದು ಕಿವಿ ಡಾಕ್ಟರು ಈಚೆಗಷ್ಟೇ ಹೇಳಿದ್ದರು. ಇರುವುದು ಕೇಳದಿದ್ದರೆ ಇನ್ನೊಂದು ಕಿವಿಯಲ್ಲಿ ಸುಧಾರಿಸಿಕೊಳ್ಳಬಹುದು. ಇಲ್ಲದ್ದು ಕೇಳತೊಡಗಿದರೆ ಆ ಕೆಲಸ ಮುಗಿಯಿತು. ಮರುದಿನವೇ ಸಭಾಂಗಣದ ಪಿಯಾನೊ ಸರಿಮಾಡಬೇಕಿತ್ತು; ಅಲ್ಲಿ ಧ್ವನಿಮುದ್ರಣವಿತ್ತು.

"ಪರೀಕ್ಷೆ ಮಾಡು," ಅಂದಳು. "ನಾನು ಬೆನ್ನು ಹಾಕಿ ಕೂರ್ತೀನಿ. ನೀನು ವೈರು ಬದಲಾಯಿಸ್ತಿರು. ತಪ್ಪು ಹೇಳಿದ್ರೆ ಸಭಾಂಗಣಕ್ಕೆ ಫೋನ್ ಮಾಡಿ, ಬೇರೆಯವರನ್ನ ನೋಡ್ಕೊಳ್ಳಿ ಅಂತೀನಿ."

"ಒಂದು ವೈರಿಗೋಸ್ಕರ?" ಚಿಕ್ಕಪ್ಪ ಗಾಬರಿಯಾದರು.

"ವೈರಿಗಲ್ಲ ರೀ. ಕಿವಿಗೆ."

ಮಧ್ಯಾಹ್ನವೆಲ್ಲ ಚಿಕ್ಕಪ್ಪ ಬೇಡ ಬೇಡ ಎಂದರು. ಅವಳು ಕೇಳಲಿಲ್ಲ. ಹೊತ್ತು ಇಳಿಯುವಾಗ ಶುರುಮಾಡಿದೆವು. ನಿಧಾನದ ಒಂದು ತುಣುಕು, ಎಡಗೈ ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತುವ ಜಾಗ. ನಾನು ಮನಬಂದಂತೆ ಒಮ್ಮೆ ಹೊಸದು, ಒಮ್ಮೆ ಹಳೆಯದು ಹಾಕುತ್ತ ಹೋದೆ. ಒಮ್ಮೊಮ್ಮೆ ಸುಮ್ಮನೆ ಕಿತ್ತು ಅದನ್ನೇ ಸಿಕ್ಕಿಸಿದೆ.

"ಹೊಸದು," ಅಂದಳು. ಮುಂದಿನದಕ್ಕೂ ಹೊಸದು. ಅದರ ಮುಂದಿನದಕ್ಕೂ. ಬೀದಿದೀಪ ಹತ್ತಿತು, ಎದುರು ಕಟ್ಟಡದ ಕಿಟಕಿಗಳು ಒಂದೊಂದಾಗಿ ಬೆಳಗಿದವು. "ಹಳೇದು," ಅಂದಳು. ಆಮೇಲೆ ಕೊನೆವರೆಗೂ ಹಳೇದೇ.

ಯಾವಾಗ ಯಾವ ವೈರಿತ್ತು ಅಂತ ನಾನು ನಿಜ ಹೇಳಿದೆ.

"ಅರ್ಧ ಸರಿಯಾಯ್ತಲ್ಲ," ಅಂದರು ಚಿಕ್ಕಪ್ಪ.

"ನಾಣ್ಯ ಹಾರಿಸಿದ್ರೂ ಅರ್ಧ ಸರಿಯಾಗತ್ತೆ. ಫೋನ್ ಕೊಡೇ."

ಕೊಟ್ಟೆ. ಅವಳು ನಂಬರು ಹುಡುಕಲಿಲ್ಲ. ಕೆಲಸದ ಚೀಲದಿಂದ ಶ್ರುತಿಕವೆ ತೆಗೆದಳು. ಎರಡು ಕಾಲಿನ ಉಕ್ಕಿನ ಕಡ್ಡಿ ಅದು. ತಟ್ಟಿದರೆ ಯಾವಾಗಲೂ ಒಂದೇ ಸ್ವರ, ರೆಕಾರ್ಡಿನ ಎಡಗೈ ಒತ್ತುವ ಸ್ವರವೇ. ಮೊಣಕಾಲಿಗೆ ತಟ್ಟಿ, ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದಳು.

"ರೆಕಾರ್ಡು ಹಾಕು."

ಹಾಕಿದೆ. ಅವಳ ಹುಬ್ಬು ಗಂಟಾಯಿತು.

"ಇದು ಕೇಬಲ್ಲಲ್ಲ. ಪಿಯಾನೊನೇ ತಗ್ಗಿದೆ, ಕೂದಲೆಳೆಯಷ್ಟು. ಬೆಳಿಗ್ಗೆ ಹೀಗಿರಲಿಲ್ಲ."

"ರೆಕಾರ್ಡಲ್ಲಿ ಇರೋ ಪಿಯಾನೊ ಹೇಗೆ ತಗ್ಗತ್ತೆ?"

ಉತ್ತರಕ್ಕೆ ಬದಲಾಗಿ ಕವೆಯನ್ನು ನನ್ನ ತಲೆಗೆ ಒತ್ತಿದಳು. ಎರಡು ಸ್ವರ ಒಂದೇ ಆಗಿದ್ದರೆ ನೇರ ನಿಲ್ಲುತ್ತವೆ. ಚೂರು ಬೇರೆಯಾದರೆ ಸೇರಿದಾಗ ಅಲೆಯೇಳುತ್ತದೆ. ನನ್ನ ತಲೆಬುರುಡೆಯೊಳಗೆ ಅಲೆ ಎದ್ದು ಬೀಳುತ್ತಿತ್ತು, ಯಾರೋ ಉಸಿರಾಡಿದಂತೆ.

ಆಮೇಲೆ ತಲೆ ಓಡಿತು. ಆ ಹಳೆಯ ಪ್ಲೇಯರಿನ ಮೋಟಾರು ಕರೆಂಟಿನ ತಾಳಕ್ಕೇ ಸುತ್ತುವಂಥದ್ದು. ಆ ತಾಳ, ಅಂದರೆ ಕರೆಂಟಿನ ಫ್ರೀಕ್ವೆನ್ಸಿ, ಸೆಕೆಂಡಿಗೆ ಐವತ್ತು ಇರಬೇಕು. ಜನ ಒಟ್ಟಿಗೆ ದೀಪ, ಒಲೆ ಹಚ್ಚಿದಾಗ ದೇಶದ ಜನರೇಟರುಗಳೆಲ್ಲ ಭಾರಕ್ಕೆ ಒಟ್ಟಿಗೇ ತುಸು ನಿಧಾನವಾಗುತ್ತವೆ, ತಾಳ ಇಳಿಯುತ್ತದೆ, ರೆಕಾರ್ಡು ನಿಧಾನವಾಗಿ ಸ್ವರ ತಗ್ಗುತ್ತದೆ. ಕಾರ್ಖಾನೆ ಮುಚ್ಚಿದ ರಜೆಯ ಬೆಳಿಗ್ಗೆ ಏರಿರುತ್ತದೆ; ಚಿಕ್ಕಮ್ಮ ಕೇಳಿದ್ದು ಕೇಬಲ್ಲನ್ನಲ್ಲ, ಈ ಏರಿಳಿತವನ್ನು. ಕಂಟ್ರೋಲ್ ರೂಮಿನ ಬೋರ್ಡಿನಲ್ಲಿ ಈ ದಶಾಂಶಗಳನ್ನು ನೋಡುವುದಕ್ಕೇ ನನಗೆ ಸಂಬಳ.

ಪಾಳಿಯಲ್ಲಿದ್ದ, ದಪ್ಪ ಕನ್ನಡಕಕ್ಕೆ ನಾವು ಸೋಡಾಬುಡ್ಡಿ ಎನ್ನುವ ಸಹೋದ್ಯೋಗಿಗೆ ಫೋನ್ ಮಾಡಿದೆ.

"ಬೋರ್ಡ್ ನೋಡ್ತಾ ಇರು. ಏರಿದ್ರೆ ಏರಿತು ಅನ್ನು, ಇಳಿದ್ರೆ ಇಳೀತು ಅನ್ನು."

"ರಜೆ ಕೊಟ್ರೂ ಮನೇಲಿ ಇರಕ್ಕಾಗಲ್ವಾ ನಿಂಗೆ?"

ಅವನ ದನಿ ನನ್ನ ಕಿವಿಗೆ ಮಾತ್ರ. ಚಿಕ್ಕಮ್ಮ ಗೋಡೆಗೆ ಮುಖ ಮಾಡಿ, ಕವೆ ಒತ್ತಿಕೊಂಡು ಕೂತಿದ್ದಳು.

"ಏರ್ತಿದೆ," ಅಂದಳು.

"ಚೂರು ಏರಿತು," ಅಂದ ಅವನು.

"ನಿಂತಿತು." ಅವನೂ ಅದನ್ನೇ ಅಂದ. ನಾನು ಚಿಕ್ಕಪ್ಪನ ಕಡೆ ತಲೆಯಾಡಿಸಿದೆ. ಅವರು ಕುರ್ಚಿಯ ಕೈ ಹಿಡಿದುಕೊಂಡಿದ್ದರು.

"ಬಿತ್ತು," ಅಂದಳು ಚಿಕ್ಕಮ್ಮ. "ಒಂದೇ ಸಲ ಬಿತ್ತು."

"ಬಿತ್ತಾ?" ಅಂತ ಫೋನಿನಲ್ಲಿ ಕೇಳಿದೆ. "ಇಲ್ಲ, ಹಾಗೇ ಇದೆ," ಅಂದ. ಮರುಕ್ಷಣ ಅವನ ಕುರ್ಚಿ ಜರುಗಿದ ಸದ್ದು. "ಏ, ತಡಿ. ಈಗ ಬಿತ್ತು. ಯಾವುದೋ ಘಟಕ ಕೈಕೊಟ್ಟಿದೆ. ಫೋನ್ ಇಡು, ಇಡು."

ಬೋರ್ಡಿಗೆ ಅಂಕಿ ಬರುವುದು ತುಸು ತಡವಾಗಿ. ಎಲ್ಲೋ ದೂರದಲ್ಲಿ ಒಂದು ದೊಡ್ಡ ಯಂತ್ರ ನಿಂತಿತ್ತು, ಚಿಕ್ಕಮ್ಮ ಅದನ್ನು ಸೋಫಾದ ಮೇಲೆ ಕೂತು ನಮ್ಮ ಬೋರ್ಡಿಗಿಂತ ಮೊದಲು ಕೇಳಿದ್ದಳು. ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಆದರೆ ನಿಂತಲ್ಲೇ ನಿಂತಿದ್ದೆ. ಕೋಟ್ಯಂತರ ಜನರ ಸಂಜೆ ಆ ಸ್ಪೀಕರಿನಿಂದ ಬರುತ್ತಿತ್ತು.

ಏನಾಯಿತೆಂದು ಇಬ್ಬರಿಗೂ ಬಿಡಿಸಿ ಹೇಳಿದೆ.

"ಹಾಗಾದ್ರೆ ಕೇಬಲ್ಲು?" ಚಿಕ್ಕಪ್ಪ ಮೆಲ್ಲಗೆ ಕೇಳಿದರು.

"ಚೆನ್ನಾಗಿದೆ ರೀ. ನೋಡೋಕೆ."

ಆಮೇಲೆ ಅವಳು ಸಭಾಂಗಣಕ್ಕೆ ಫೋನ್ ಮಾಡಿದಳು. "ನಾಳೆ ಬಾಗಿಲು ಬೇಗ ತೆಗೆಸಿಡಿ. ಮೇಲಿನ ಸ್ವರಗಳನ್ನ ಎಡಗಿವಿ ಇಟ್ಟು ನೋಡ್ಬೇಕು, ಹೊತ್ತು ಹಿಡಿಯತ್ತೆ."