ಐದೂ ಮುಕ್ಕಾಲಿಗೆ ನಿಂತ ಮಂಗಳವಾರ

ಇಂಗ್ಲೆಂಡಿನ ಒಂದು ಮಂಗಳವಾರ ಕದಿರಪ್ಪನ ಟ್ರಂಕಿನಲ್ಲಿತ್ತು. ಅರವತ್ತಾರನೇ ಇಸವಿಯದು. ಆ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲಿನ ಟೀವಿಯಲ್ಲಿ ಏನೇನು ಬಂತು ಅನ್ನುವ ಪಟ್ಟಿಯ ಒಂದು ಹಾಳೆ, ನಾಲ್ಕು ಮಡಿಕೆ. ಮಿಲಿಟರಿ ಬಿಟ್ಟು ಹಡಗು ಹತ್ತಿದ ಕದಿರಪ್ಪ ಬರ್ಮಿಂಗ್‌ಹ್ಯಾಮಿನಲ್ಲಿ ಹನ್ನೊಂದು ವರ್ಷ ಬಸ್ ಕಂಡಕ್ಟರಾಗಿದ್ದ. ಅವತ್ತು ಏಳೂವರೆಗೆ ಬಸ್ಸಿನ ಕೆಲಸಗಾರರ ಮೇಲೊಂದು ಕಾರ್ಯಕ್ರಮ ಬಂದಿತ್ತು. ಅದರಲ್ಲಿ ಮಾತಾಡಿದ ಮೂವರ ಹೆಸರು ಅಚ್ಚಾಗಿತ್ತು, ಕೊನೆಯದು ಇವನದು. ಮನೆ ಬಾಡಿಗೆಗೆ ಕೊಟ್ಟಿದ್ದ ಮುದುಕಿ ಆ ಹೆಸರಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಕೊಟ್ಟಿದ್ದಳು.

ಅವನು ಮಾತ್ರ ನೋಡಿರಲಿಲ್ಲ. ಆ ಹೊತ್ತಿಗೆ ಡ್ಯೂಟಿ. "ಬಸ್ಸಿನ ಮಹಡಿ ಮೇಲೆ ನಿಂತ್ರೆ ಮನೆಮನೆ ಕಿಟಕೀಲೂ ನೀಲಿ ಬೆಳಕು. ಆ ಬೆಳಕಿನಾಗೂ ನಾನೇ, ಇಲ್ಲಿ ಟಿಕೆಟ್ ಕೊಡೋನೂ ನಾನೇ" ಅಂತ ನಗುತ್ತಿದ್ದ.

ತಾಯಲೂರಿನ ಕಡೆಯ ತನ್ನ ಊರಿಗೆ ವಾಪಸು ಬಂದು ಹದಿನಾಲ್ಕು ವರ್ಷವಾದರೂ ಇದನ್ನು ಒಬ್ಬರೂ ನಂಬಲಿಲ್ಲ. ಎಂಬತ್ತೈದರಲ್ಲಿ ಪಂಚಾಯ್ತಿಗೆ ಟೀವಿ ಬಂತು. ನೀಲಗಿರಿ ಗಳುವಿನ ತುದಿಗೆ ಆಂಟೆನಾ ಕಟ್ಟಿಸುತ್ತಿದ್ದ ಛೇರ್ಮನ್ ವೆಂಕಟರಾಯಪ್ಪ, ದಾರಿಯಲ್ಲಿ ಹೋಗುತ್ತಿದ್ದವನನ್ನು ಕೂಗಿದ: "ಏನಪ್ಪಾ ಕದಿರಪ್ಪ, ಭಾನುವಾರ ಟೀವಿ ಹಾಕ್ತೀವಿ. ನಿನ್ ಮಕ ಬರ್ತದಾ, ಇಲ್ಲಾ ಇಂಗ್ಲೆಂಡ್ ರಾಣಿಯಮ್ಮನ್ ಕೇಳ್ಕೊಂಡ್ ಬರ್ತೀಯಾ?"

ಅವತ್ತೇ ಕದಿರಪ್ಪ ಹಾಳೆ ಹಿಡಿದುಕೊಂಡು ತಮ್ಮನ ಮನೆಗೆ ಬಂದ. ತಮ್ಮನ ಮಗಳು ಶಾಮಲ ಕೋಲಾರದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಮನೆಗೆ ನಾಲ್ಕು ಜನ ಬಂದರೆ ಹಿತ್ತಲ ಬಾಗಿಲು ಸೇರುವ ಹುಡುಗಿ. ಮಾತೆಲ್ಲಾ ಡೈರಿಯ ಜೊತೆಗೇ.

"ಅಮ್ಮಣ್ಣಿ, ಇದನ್ನ ಕನ್ನಡದಾಗೆ ಬರಿ. ಭಾನುವಾರ ನೀನೇ ಓದು. ನಾನ್ ಹೇಳಿದ್ರೆ ಬುರುಡೆ ಅಂತಾರೆ, ಓದಿದೋಳು ಹೇಳಿದ್ರೆ ನಂಬ್ತಾರೆ."

"ಎಲ್ರ ಮುಂದೆನಾ ದೊಡ್ಡಪ್ಪಾ?"

"ಆ ಏಳೂವರೆ ಸಾಲೊಂದು ಓದು, ಸಾಕು."

ಆ ಒಂದು ಸಾಲನ್ನೇ ಮೊದಲು ಬರೆದಿದ್ದರೆ! ಶಾಮಲ ಹಾಳೆಯನ್ನೆಲ್ಲ ಒಮ್ಮೆ ಓದಿ, ಆ ಹೆಸರಿನ ಮೇಲೆ ಬೆರಳಾಡಿಸಿ, ಅದನ್ನು ಕೊನೆಗೆ ಇಟ್ಟುಕೊಂಡಳು, ಎಲೆಯ ತುದಿಯಲ್ಲಿ ಒಬ್ಬಟ್ಟು ಉಳಿಸಿಕೊಂಡ ಹಾಗೆ. ಮಿಕ್ಕಿದ್ದನ್ನು ಡೈರಿಯಲ್ಲಿ ಕನ್ನಡಕ್ಕೆ ಇಳಿಸುತ್ತಾ ಹೋದಳು: ಬೆಳಗ್ಗೆ ಇಸ್ಕೂಲು ಮಕ್ಕಳಿಗೆ ಕಪ್ಪೆಯ ಪಾಠ. ಮಧ್ಯಾಹ್ನ ಒಂದೂವರೆಗೆ ತಾಯಿ ಮಡಿಲಲ್ಲಿ ಕೂತು ನೋಡುವ ಕೂಸುಗಳಿಗೆ ಗೊಂಬೆಯಾಟ. ಆಮೇಲೆ ಕುದುರೆ ಜೂಜು. ಐದಕ್ಕೆ ಮಕ್ಕಳ ಕತೆ. ಐದೂ ಮುಕ್ಕಾಲಿಗೆ ವಾರ್ತೆ. ಅಷ್ಟರಲ್ಲಿ ಅಮ್ಮ ರಾಮಲಕ್ಷ್ಮಮ್ಮ, "ಲೇ ಶಾಮಲಾ, ಸೊಪ್ಪು ಕೊಯ್ಯೋಕ್ ಬಾರೇ, ಹುಳ ಬಾಯ್ ಬಾಯ್ ಬಿಡ್ತಾವೆ!" ಅಂತ ಕೂಗಿದಳು. ಮನೆ ತುಂಬ ರೇಷ್ಮೆ ಹುಳು, ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಹಿಪ್ಪುನೇರಳೆ ಸೊಪ್ಪಿಗೆ ಹಾತೊರೆಯುವ ಹೊತ್ತು. ಹಾಳೆ ಸುಕ್ಕಾಗಬಾರದೆಂದು ಅವಳು ಮೂಲೆಯಲ್ಲಿದ್ದ ಹಳೇ ಪೇಪರ್ ಕಂತೆಯೊಳಗೆ ಇಟ್ಟು ಹೋದಳು. ಕಂತೆ ಇದ್ದದ್ದೇ ಹುಳುವಿನ ತಟ್ಟೆಗೆ ಹಾಸಲು. ಅದು ಅವಳಿಗೂ ಗೊತ್ತಿತ್ತು.

ಮಾರನೇ ದಿನ ಹುಡುಕಿದಾಗ ಅಮ್ಮ ಅಂದಳು: "ಆ ಇಂಗ್ಲಿಷ್ ಪೇಪರಾ? ಮಂದ ಇತ್ತು ಕಣೇ, ಹಾಸ್ಬಿಟ್ಟೆ."

ತಟ್ಟೆಯ ಕೆಳಗೆ ಹಿಕ್ಕೆ, ಒದ್ದೆ ಸೊಪ್ಪು, ಹಸಿರುಗಟ್ಟಿದ ಚೂರುಗಳು. ಪೆನ್ಸಿಲಿನ ಸುತ್ತು ಎಲ್ಲೂ ಸಿಗಲಿಲ್ಲ.

ಕದಿರಪ್ಪ ಸುದ್ದಿ ಕೇಳಿ ಸ್ವಲ್ಪ ಹೊತ್ತು ಟವೆಲ್ಲು ಹೆಗಲಿಂದ ಹೆಗಲಿಗೆ ಹಾಕಿಕೊಂಡ. ಆಮೇಲೆ, "ಹುಳ ಚೆನ್ನಾಗವೆ ತಾನೇ?" ಅಂದ. ಬಾಗಿಲ ತನಕ ಹೋದವನು ತಿರುಗಿದ. "ನೀನು ಕಣ್ಣಾರೆ ನೋಡಿದೀಯಲ್ಲ ಅಮ್ಮಣ್ಣಿ. ಅಷ್ಟು ಹೇಳು, ಸಾಕು."

ಭಾನುವಾರ ಪಂಚಾಯ್ತಿ ಅಂಗಳದಲ್ಲಿ ಚಾಪೆ ಹಾಸಲು ಜಾಗವಿರಲಿಲ್ಲ. ಶಾಮಲ ಹೆಂಗಸರ ಹಿಂದೆ ಗೋಡೆಗೆ ಅಂಟಿಕೊಂಡಿದ್ದಳು.

"ಎಲ್ಲಪ್ಪಾ ನಿನ್ ಚೀಟಿ?" ಅಂದ ವೆಂಕಟರಾಯಪ್ಪ.

"ಚೀಟಿ ಹುಳದ ತಟ್ಟೆಗೆ ಹೋಗಿ ಹಾಳಾಯ್ತು. ನನ್ ತಮ್ಮನ ಮಗಳು ಓದವಳೆ. ಅವಳನ್ನೇ ಕೇಳಿ."

ಇಡೀ ಅಂಗಳ ಹಿಂದಕ್ಕೆ ತಿರುಗಿತು. "ಏನಮ್ಮಾ, ನಿಜಾನಾ?" ಅಂದ ಛೇರ್ಮನ್.

ಹೂಂ ಅಂದರೆ ಮುಗಿಯುತ್ತಿತ್ತು. ತಲೆ ಆಡಿಸಿದರೂ ಆಗುತ್ತಿತ್ತು. ಅಷ್ಟೊಂದು ಕಣ್ಣುಗಳ ಮುಂದೆ ಅವಳ ಕತ್ತು ತಾನಾಗಿ ಬಗ್ಗಿತು. ಕಾಲ ಹೆಬ್ಬೆರಳನ್ನು ನೋಡುತ್ತಾ ನಿಂತಳು.

"ಹುಳ ತಿಂದ್ಬಿಡ್ತಂತೆ ಕಣ್ರೋ ಇಂಗ್ಲೆಂಡ್‌ನ!" ಯಾರೋ ಕೂಗಿದರು. ಅಂಗಳವೆಲ್ಲಾ ಘೊಳ್ಳೆಂದಿತು. ಕದಿರಪ್ಪನೂ ನಕ್ಕ. ಆ ನಗುವನ್ನೇ ಅವಳಿಗೆ ಕೇಳಲಾಗಲಿಲ್ಲ. ಟೀವಿಯಲ್ಲಿ ಮರಳು ಸುರಿದಂಥ ಚಿತ್ರ ಬಂತು, ಜನ ಅತ್ತ ತಿರುಗಿದರು. ಅವಳು ತಲೆಯೆತ್ತುವಷ್ಟರಲ್ಲಿ ದೊಡ್ಡಪ್ಪನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ದೊಡ್ಡಪ್ಪ ಅವಳ ಮನೆಯ ಜಗಲಿಗೆ ಬಂದು, "ಆ ಮಂಗಳವಾರ ಓದಮ್ಮಾ, ಬರ್ದಷ್ಟು" ಅಂದ. ಅವಳು ಡೈರಿ ತೆಗೆದು ಓದಿದಳು. ಕಪ್ಪೆ, ಗೊಂಬೆ, ಕುದುರೆ, ಮಕ್ಕಳ ಕತೆ, ಐದೂ ಮುಕ್ಕಾಲರ ವಾರ್ತೆ. ಮುಂದೆ ಖಾಲಿ. ಕದಿರಪ್ಪ ಕಣ್ಣು ಮುಚ್ಚಿ ತಾನೇ ಮುಂದುವರಿಸಿದ: "ಏಳಕ್ಕೆ ಹಾಡು. ಎಂಟಕ್ಕೆ ಗುದ್ದಾಟ. ಒಂಬತ್ತಕ್ಕೆ ವಾರ್ತೆ. ಎಲ್ಲಾ ಮುಗುದ್ಮೇಲೆ ಆರಿಸ್ತಾರಲ್ಲ, ನಡುವೆ ಒಂದು ಬಿಳೀ ಚುಕ್ಕಿ ಉಳ್ಕೊಂತದೆ..."

ಶಾಮಲ ಪೆನ್ನು ಹಿಡಿದು ಕಾದಳು. ಈಗ ಅವಳಿಗೆ ಬಾಯಿ ಬಂತು.

"ಏಳೂವರೆಗೆ, ದೊಡ್ಡಪ್ಪಾ? ನಿನ್ನ ಹೆಸರು. ನಾನು ನೋಡಿದೀನಿ."

"ಏಳೂವರೆಗಾ?" ಅವನು ಟವೆಲ್ಲು ಕೊಡವಿ ಎದ್ದ. "ಆವಾಗ ಡ್ಯೂಟಿ ಮೇಲಿದ್ದೆ ಕಣಮ್ಮಾ. ಏನ್ ಬಂತೋ ನಂಗೂ ಗೊತ್ತಿಲ್ಲ."