ಅರವತ್ತೆರಡು ಅರ್ಜಿ, ಒಂದೇ ಕೈ

ನಾನು ಬೋರ್ಡ್ ಬರೆಯುವವನು. ನಮ್ಮ ಬೀದಿಯಲ್ಲಿ ಟೈಲರ್ ಅಂಗಡಿಯಿಂದ ಔಷಧಿ ಅಂಗಡಿಯವರೆಗೆ ಯಾವ ಹೆಸರು ಓದಿದರೂ ಅದು ನನ್ನ ಅಕ್ಷರವೇ. ಆ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು, ಒಪ್ಪಿಕೊಳ್ಳುತ್ತೇನೆ.

ಬೀದಿ ಕೊನೆಯ ಸರ್ಕಾರಿ ದವಾಖಾನೆ ಮುಚ್ಚಿ, ಹೆದ್ದಾರಿಯಾಚೆಯ ದೊಡ್ಡ ಆಸ್ಪತ್ರೆಗೆ ಸೇರಿಸುತ್ತಾರೆಂದು ಪೇಪರಿನಲ್ಲಿ ಬಂತು. ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಆರೋಗ್ಯ ಇಲಾಖೆ ಕಚೇರಿಗೆ ಬೇರೆ ಬೇರೆಯಾಗಿ ಅರ್ಜಿ ಬರೆದು ಕೊಡಬೇಕಂತೆ. ನಮ್ಮಕ್ಕನ ಪಾದದಲ್ಲಿ ಸಕ್ಕರೆ ಕಾಯಿಲೆಯ ಗಾಯವಿದೆ. ದಿನ ಬಿಟ್ಟು ದಿನ ಗೋಡೆ ಹಿಡಿದುಕೊಂಡು ಹೋಗಿ ಡ್ರೆಸ್ಸಿಂಗ್ ಮಾಡಿಸಿಕೊಂಡು ಬರುತ್ತಾಳೆ. ಹೆದ್ದಾರಿಯಾಚೆಗೆಂದರೆ ಎರಡು ಬಸ್ಸು. ಬಸ್ಸು ಹತ್ತುವುದೇ ಅವಳ ಕೈಲಾಗದು. ಡ್ರೆಸ್ಸಿಂಗ್ ತಪ್ಪಿದರೆ ಕಾಲೇ ತೆಗೆಯಬೇಕಾದೀತು ಎಂದು ನರ್ಸಮ್ಮ ಮೊದಲೇ ಹೇಳಿದ್ದರು.

ಬೀದಿಯವರೆಲ್ಲ ನನ್ನ ಮನೆಗೇ ಬಂದರು. "ನಮ್ಮ ಕೋಳಿಕಾಲು ಅಕ್ಷರ ಯಾರು ಓದ್ತಾರೆ? ನೀವೇ ಬರೀರಿ, ನಾವು ಸಹಿ ಹಾಕ್ತೀವಿ" ಎಂದ ಟೈಲರ್. ಎಂಟು ದಿನ ಕೆಲಸ ಬಿಟ್ಟು ಕೂತು ಅರವತ್ತೆರಡು ಅರ್ಜಿ ಬರೆದೆ, ಅಕ್ಕನದೂ ಸೇರಿ. ಒಂದರಲ್ಲೂ ಚಿತ್ತಿಲ್ಲ, ಕಾಟಿಲ್ಲ. ನಾನೇ ಹೋಗಿ ಕಚೇರಿಯಲ್ಲಿ ಕೊಟ್ಟು ಬಂದೆ.

ಮೊನ್ನೆ ಪೇಪರ್ ಬಿಡಿಸಿದರೆ, ದವಾಖಾನೆ ಮುಚ್ಚುವುದಕ್ಕೆ ಒಂದೇ ಒಂದು ಆಕ್ಷೇಪಣೆ ಬಂದಿದೆ ಎಂದಿತ್ತು. ನನ್ನ ಪಿತ್ತ ನೆತ್ತಿಗೇರಿತು. ನೇರ ಕಚೇರಿಗೆ ಹೋದೆ.

ಗುಮಾಸ್ತೆ ಒಳ್ಳೆಯ ಹುಡುಗಿ. ಫೈಲ್ ತೆಗೆದು ತೋರಿಸಿದಳು. "ಎಲ್ಲಾ ಒಬ್ಬರೇ ಬರೆದಿರೋದಲ್ವಾ ಅಂಕಲ್? ಒಂದೇ ಕೈಬರಹ ಅಂದ್ರೆ ಒಂದೇ ಅರ್ಜಿ ಅಂತ ಸಾಹೇಬ್ರು ಷರಾ ಬರೆದಿದಾರೆ."

"ಸಹಿ ಬೇರೆ ಬೇರೆ ಇದೆಯಲ್ಲಮ್ಮ? ಬೇಕಾದ್ರೆ ಅಷ್ಟೂ ಜನಾನ ಈಗಲೇ ಕರ್ಕೊಂಡ್ಬರ್ತೀನಿ."

"ಗಡುವು ಮುಗಿದುಹೋಯ್ತು ಅಂಕಲ್. ನನ್ನ ಕೈಲಿ ಏನೂ ಇಲ್ಲ." ಆಮೇಲೆ ಮೆಲ್ಲಗೆ, "ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿದೆ" ಎಂದಳು. ಎಷ್ಟೋ ಸಲ ಕೇಳಿದ ಮಾತು; ಅದನ್ನು ಕೇಳಿ ನನಗೆ ಅಳು ಬಂದದ್ದು ಇದೇ ಮೊದಲು.

ಯಾರನ್ನು ಬೈಯಲಿ? ಸಾಹೇಬರನ್ನು ಬೈದುಕೊಂಡೇ ಮನೆಯವರೆಗೆ ಬಂದೆ. ಬಾಗಿಲಲ್ಲಿ ಅಕ್ಕನನ್ನು ಕಂಡಾಗ ಬೈಗುಳವೆಲ್ಲ ನನ್ನ ಮೇಲೇ ತಿರುಗಿತು. ಒಂದೇ ಕೈಬರಹ ಅಂತ ಅರ್ಜಿಗಳನ್ನು ಒಪ್ಪಲಿಲ್ಲ ಎಂದಷ್ಟೇ ಹೇಳಿದೆ. ಗಡುವಿನ ಮಾತು ಬಾಯಿಗೆ ಬರಲಿಲ್ಲ.

"ಅಷ್ಟೇ ತಾನೇ? ಅದಕ್ಯಾಕೋ ಮುಖ ಸಣ್ಣ ಮಾಡ್ಕೊಂಡಿದೀಯ?" ಎಂದಳು ಅಕ್ಕ. ಕನ್ನಡಕ ಹಾಕಿಕೊಂಡು, ಒಂದು ಹಾಳೆ ಹರಿದುಕೊಂಡು ಬರೆಯಲು ಕೂತಳು. ಒಂದೊಂದು ಅಕ್ಷರಕ್ಕೂ ನಿಲ್ಲುತ್ತಿದ್ದಳು. ಸಹಾಯಕ್ಕೆ ಹೋದರೆ "ನೀನು ಮುಟ್ಟಬೇಡ!" ಎಂದು ಗದರಿದಳು. ಮೂರು ಸಾಲು ಬರೆಯುವುದಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ಸಾಲುಗಳು ಮೇಲೆ ಕೆಳಗೆ ಹೋಗಿದ್ದವು. ಒಂದು ಕಡೆ 'ಕಾಲು' ಎಂದು ಬರೆದು, ಹೊಡೆದುಹಾಕಿ, ಮತ್ತೆ 'ಕಾಲು' ಎಂದೇ ಬರೆದಿದ್ದಳು.

"ಹೇಗಿದೆಯೋ? ಓದೋಕ್ಕಾಗುತ್ತಾ?"

"ಚೆನ್ನಾಗಿದೆ ಅಕ್ಕ" ಎಂದೆ.

"ಹಾಗಾದ್ರೆ ನಾಳೇನೇ ಕೊಟ್ಬಿಡು, ತಡ ಮಾಡಬೇಡ" ಎಂದಳು. ಹೂಂ ಎಂದು ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.